40 ಸಾವಿರಕ್ಕೆ ವಿಡಿಯೋ ಕೆಲಸದ ಡೆಸ್ಕ್‌ಟಾಪ್: ಈ ಕೊಟೇಶನ್ ಸರಿ ಇದೆಯಾ?

ಚೌಕಿಮನೆ:

ಎಲ್ಲರಿಗೂ ನಮಸ್ಕಾರ. ನಾನು ಹೊನ್ನಾವರದ ಕಡೆಯವನು. ಮೇಳದವರ ಒಪ್ಪಿಗೆ ಪಡೆದು ಯಕ್ಷಗಾನದ ಆಟಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆ. ಆಮೇಲೆ ಒಂದೊಂದು ಸನ್ನಿವೇಶವಾಗಿ ಕತ್ತರಿಸಿ ಯೂಟ್ಯೂಬಿಗೆ ಹಾಕುತ್ತೇನೆ. ಒಂದು ಗಂಟೆಗೆ ಸುಮಾರು 8 ಜಿಬಿ ಆಗುತ್ತದೆ. ಇಡೀ ರಾತ್ರಿಯ ಆಟವಾದರೆ ಎಂಟು ಗಂಟೆ.

ಈಗಿರುವ ಕಂಪ್ಯೂಟರ್ ಐ3-7100, 8 ಜಿಬಿ ಡಿಡಿಆರ್4 ರ‍್ಯಾಮ್ (ಒಂದೇ ಸ್ಟಿಕ್, 2400ರ ವೇಗ), 1 ಟಿಬಿ ಹಾರ್ಡ್ ಡಿಸ್ಕ್. ಒಂದು ಗಂಟೆಯ ವಿಡಿಯೋ ಎಕ್ಸ್‌ಪೋರ್ಟ್‌ಗೆ ಇಟ್ಟು ಮಲಗಿದರೆ ಬೆಳಿಗ್ಗೆ ನೋಡುವುದು. ಇನ್ನೊಂದು ತೊಂದರೆಯೂ ಇದೆ. ಉದ್ದದ ವಿಡಿಯೋದಲ್ಲಿ ಮುಂದೆ ಹೋದಂತೆಲ್ಲ ಚಂಡೆಯ ಪೆಟ್ಟು ಒಂದು ಕಡೆ, ಕುಣಿತ ಇನ್ನೊಂದು ಕಡೆ ಆಗುತ್ತದೆ. ನೋಡುವವರು ಕಾಮೆಂಟ್‌ನಲ್ಲಿ ಬೇಸರ ಮಾಡಿಕೊಂಡಿದ್ದಾರೆ. ಕಂಪ್ಯೂಟರ್‌ಗೆ ಶಕ್ತಿ ಸಾಲದೆ ಹೀಗಾಗುತ್ತಿದೆ ಅಂದುಕೊಂಡಿದ್ದೇನೆ.

ಪೇಟೆಯ ಒಂದು ಅಂಗಡಿಯಲ್ಲಿ ಕೊಟ್ಟ ಕೊಟೇಶನ್: ಐ5-12400ಎಫ್, ಎಚ್610 ಬೋರ್ಡ್, 8 ಜಿಬಿ ಡಿಡಿಆರ್4 ಒಂದು ಸ್ಟಿಕ್, ಜಿಟಿ 730 4 ಜಿಬಿ ಗ್ರಾಫಿಕ್ಸ್ ಕಾರ್ಡ್, 256 ಜಿಬಿ ಎಸ್‌ಎಸ್‌ಡಿ, ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಪೆಟ್ಟಿಗೆ) ಸಮೇತ ಕ್ಯಾಬಿನೆಟ್. ಒಟ್ಟು 43 ಸಾವಿರ. ನನ್ನ ಕೈಲಿರುವುದು 40. ಮಾನಿಟರ್, ಕೀಬೋರ್ಡ್, 600 ವಿಎ ಯುಪಿಎಸ್ ಹಳೆಯದೇ ಇದೆ. ಯಾವುದನ್ನು ಕಡಿಮೆ ಮಾಡಲಿ?

ತಿರುಪುಮೊಳೆ:

ಸರ್, ಮೊದಲು ಚಂಡೆಯ ವಿಷಯ. ಅದಕ್ಕೆ ಒಂದು ರೂಪಾಯಿಯೂ ಖರ್ಚು ಮಾಡಬೇಕಾಗಿಲ್ಲ. ಫೋನು ಸೆಕೆಂಡಿಗೆ ಸರಿಯಾಗಿ 30 ಫ್ರೇಮ್ ತೆಗೆಯುವುದಿಲ್ಲ. ಬೆಳಕು ಕಡಿಮೆಯಾದರೆ 29, 27 ಹೀಗೆ ಇಳಿಯುತ್ತದೆ. ಕೆಲವು ಎಡಿಟಿಂಗ್ ಸಾಫ್ಟ್‌ವೇರ್‌ಗಳು ಅದನ್ನು ಒಂದೇ ಸಮ ಅಂದುಕೊಂಡು ಜೋಡಿಸುತ್ತವೆ. ಆಗ ಚಿತ್ರ ಮತ್ತು ಧ್ವನಿ ನಿಧಾನವಾಗಿ ದೂರವಾಗುತ್ತವೆ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ಹಾಕಿ, ವಿಡಿಯೋ ಟ್ಯಾಬ್‌ನಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆರಿಸಿ ಒಮ್ಮೆ ಬದಲಾಯಿಸಿಕೊಳ್ಳಿ. ಎಡಿಟಿಂಗ್ ಆಮೇಲೆ ಮಾಡಿ. ಇದನ್ನು ಈಗಿನ ಕಂಪ್ಯೂಟರ್‌ನಲ್ಲೇ ಒಂದು ಸಣ್ಣ ತುಣುಕಿಗೆ ಮಾಡಿ ನೋಡಿ.

ಈಗ ಕೊಟೇಶನ್. ಇದರಲ್ಲಿ ನಿಮ್ಮ ಹಣ ಹಾಳಾಗುತ್ತಿರುವುದು ಆ 'ಎಫ್' ಅನ್ನುವ ಒಂದು ಅಕ್ಷರದಿಂದ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಅದರೊಳಗಿನ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ. ಸ್ಕ್ರೀನ್ ಮೇಲೆ ಏನಾದರೂ ಕಾಣಬೇಕಾದರೆ ಕಾರ್ಡ್ ಹಾಕಲೇಬೇಕು. ಅದಕ್ಕೇ ಜಿಟಿ 730 ಬಂದು ಕೂತಿದೆ. ಅದು 2014ರ ಕಾರ್ಡ್. 4 ಜಿಬಿ ಅಂದ ಕೂಡಲೇ ದೊಡ್ಡದು ಅನ್ನಿಸುತ್ತೆ, ಅಲ್ವಾ? ಒಳಗಿರುವ ಚಿಪ್ ತುಂಬಾ ಹಳೆಯದು. ಆ ಪೀಳಿಗೆಯ ಕಾರ್ಡ್‌ಗಳಿಗೆ ಎನ್‌ವಿಡಿಯಾ 2021ರಲ್ಲೇ, ಭದ್ರತೆಯ ತಿದ್ದುಪಡಿ ಬಿಟ್ಟರೆ, ಹೊಸ ಡ್ರೈವರ್ ಕೊಡುವುದನ್ನು ನಿಲ್ಲಿಸಿತು. ಫೋನಿನ ಎಚ್‌ಇವಿಸಿ ವಿಡಿಯೋ (ಚಿಕ್ಕ ಫೈಲ್ ಆಗುವಂತೆ ಒತ್ತಿ ಕಟ್ಟಿದ ಮಾದರಿ) ಬಿಡಿಸಲು ಅದರಿಂದ ಏನೂ ಸಹಾಯ ಸಿಗುವುದಿಲ್ಲ.

ಎಫ್ ಇಲ್ಲದ ಐ5-12400 ತೆಗೆದುಕೊಳ್ಳಿ. ಅದರಲ್ಲಿ ಯುಎಚ್‌ಡಿ 730 ಗ್ರಾಫಿಕ್ಸ್ ಇದೆ. ಗೇಮ್‌ಗೆ ಅದು ಸಾಲದು. ಆದರೆ ಅದರ ಜೊತೆ ಬರುವ ಕ್ವಿಕ್ ಸಿಂಕ್ ಎಂಬ ವಿಡಿಯೋ ಭಾಗ ನಿಮ್ಮ ಕೆಲಸಕ್ಕೆಂದೇ ಮಾಡಿದ ಹಾಗಿದೆ. ಎಚ್.264, ಎಚ್‌ಇವಿಸಿ ಎರಡೂ ಮಾದರಿಯ ವಿಡಿಯೋವನ್ನು ಬಿಡಿಸುವುದು, ಮತ್ತೆ ಕಟ್ಟುವುದು ಅದರ ಕೆಲಸ. ಹ್ಯಾಂಡ್‌ಬ್ರೇಕ್‌ನಲ್ಲಿ ಕ್ಯೂಎಸ್‌ವಿ (ಕ್ವಿಕ್ ಸಿಂಕ್‌ನ ಚಿಕ್ಕ ಹೆಸರು) ಅಂತ ಆಯ್ಕೆ ಬರುತ್ತದೆ, ಅದನ್ನು ಒತ್ತಿದರೆ ಸಾಕು. ಎಫ್ ಇಲ್ಲದ್ದಕ್ಕೆ ಸ್ವಲ್ಪ ಜಾಸ್ತಿ ಕೊಡಬೇಕು ನಿಜ. ಆದರೆ ಕಾರ್ಡಿನ ಹಣ ಪೂರ್ತಿ ಉಳಿಯುತ್ತದೆ.

ಮಂಗಳೂರುಮಳೆ:

ನಡುವೆ ಬಾಯಿ ಹಾಕ್ತೇನೆ ಮಾರಾಯ್ರೆ. ಎಎಂಡಿಯ ರೈಜನ್ 5600ಜಿ ಪ್ರೊಸೆಸರ್ ಯಾಕೆ ಬೇಡ? ಅದರ ಗ್ರಾಫಿಕ್ಸ್ ಇಂಟೆಲ್‌ಗಿಂತ ಎಷ್ಟೋ ಮೇಲು.

ತಿರುಪುಮೊಳೆ:

ಗೇಮ್ ಆಡುವವರಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನನ್ನ ತಮ್ಮನಿಗೆ ಅದೇ ಹಾಕಿಕೊಟ್ಟಿದ್ದೇನೆ. ಆದರೆ ಇವರ ಕೆಲಸ ಬೇರೆ. ಒಂದೇ ಸೈಜಿನ ಫೈಲ್‌ಗೆ ಕ್ವಿಕ್ ಸಿಂಕ್ ಕೊಡುವ ಚಿತ್ರ 5600ಜಿ ಒಳಗಿನ ವೇಗಾ ಗ್ರಾಫಿಕ್ಸ್‌ನದಕ್ಕಿಂತ ಚೆನ್ನಾಗಿರುತ್ತದೆ. ಯಕ್ಷಗಾನದಲ್ಲಿ ಕಿರೀಟದ ಮಿಂಚು, ಗಿರಕಿ ಹೊಡೆಯುವಾಗಿನ ವೇಗ, ಇಂಥ ಕಡೆಗಳಲ್ಲೇ ಚಿತ್ರ ಚೌಕಚೌಕವಾಗಿ ಒಡೆಯುವುದು. ಅಲ್ಲದೆ ಯೂಟ್ಯೂಬಿನ ಎವಿ1 ಎಂಬ ಹೊಸ ಮಾದರಿಯ ವಿಡಿಯೋಗಳನ್ನು ಯುಎಚ್‌ಡಿ 730 ಸಲೀಸಾಗಿ ಬಿಡಿಸುತ್ತದೆ. 5600ಜಿ ಗ್ರಾಫಿಕ್ಸ್‌ಗೆ ಆ ಸೌಲಭ್ಯವಿಲ್ಲ.

ಮುಂದಿನದು ರ‍್ಯಾಮ್. ಇದನ್ನು ಸ್ವಲ್ಪ ನಿಧಾನವಾಗಿ ಓದಿ ಸರ್. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್‌ಗಳು ಹೋಗುತ್ತಿರುವುದೇ ಕಾರಣ. ಹಾಗಾಗಿ ನಿಮ್ಮ ಹಳೆಯ 8 ಜಿಬಿ ಸ್ಟಿಕ್ ಈಗ ಚಿನ್ನದ ಹಾಗೆ. ಬಿಸಾಕಬೇಡಿ, ಎಕ್ಸ್‌ಚೇಂಜ್‌ಗೂ ಕೊಡಬೇಡಿ. ಹೊಸದು 8 ಜಿಬಿ ಒಂದು ಕೊಂಡು ಎರಡನ್ನೂ ಸೇರಿಸಿ ಹಾಕಿ. ಹೊಸದು 3200 ಆದರೂ ಎರಡೂ 2400ರಲ್ಲೇ ಓಡುತ್ತವೆ. ನಷ್ಟ ಅನ್ನಿಸಬಹುದು, ಲೆಕ್ಕ ನೋಡಿ. 3200ರ ಒಂದೇ ಸ್ಟಿಕ್ ಇದ್ದರೆ ಸೆಕೆಂಡಿಗೆ 25.6 ಜಿಬಿ ಸಾಗುತ್ತದೆ. 2400ರ ಎರಡು ಸ್ಟಿಕ್ ಒಟ್ಟಿಗೆ, ಅಂದರೆ ಡ್ಯುಯಲ್ ಚಾನೆಲ್‌ನಲ್ಲಿ ಓಡಿದರೆ 38.4 ಜಿಬಿ. ಬೇರೆ ಕಾರ್ಡ್ ಇಲ್ಲದಾಗ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್ ಬಳಸುತ್ತದೆ, ಹಾಗಾಗಿ ಈ ವ್ಯತ್ಯಾಸ ನೇರವಾಗಿ ಗೊತ್ತಾಗುತ್ತದೆ.

ಬೋರ್ಡ್ ಕೊಳ್ಳುವಾಗ ಎಚ್610ರಲ್ಲಿ ಡಿಡಿಆರ್4ರದ್ದೇ ಬೇಕು ಅಂತ ಒತ್ತಿ ಹೇಳಿ. ಡಿಡಿಆರ್5ರದ್ದೂ ಬರುತ್ತದೆ, ಅದಕ್ಕೆ ನಿಮ್ಮ ಹಳೆಯ ಸ್ಟಿಕ್ ಕೂರುವುದೇ ಇಲ್ಲ. 3600ರ ರ‍್ಯಾಮ್ ತೋರಿಸಿದರೆ ಬೇಡ ಅನ್ನಿ. ಎಚ್610 ಡಿಡಿಆರ್4ನ್ನು 3200ಕ್ಕಿಂತ ಮೇಲೆ ಓಡಿಸುವುದಿಲ್ಲ. ಎನ್‌ವಿಎಂಇ ಎಸ್‌ಎಸ್‌ಡಿ (ವೇಗದ ಮಾದರಿ) ಕೂರುವ ಎಂ.2 ಸ್ಲಾಟ್ ಇದೆಯಾ ಅಂತಲೂ ನೋಡಿಕೊಳ್ಳಿ.

ಎಸ್‌ಎಸ್‌ಡಿ 256 ಸಾಲದು. ಒಂದು ಆಟವೇ 64 ಜಿಬಿ ಆಯಿತಲ್ಲ. ಕತ್ತರಿಸಿದ್ದು, ಎಕ್ಸ್‌ಪೋರ್ಟ್ ಆದದ್ದು ಸೇರಿದರೆ ಎರಡು ಆಟಕ್ಕೆ ತುಂಬಿಹೋಗುತ್ತದೆ. 500 ಜಿಬಿ ಎನ್‌ವಿಎಂಇ ಹಾಕಿಸಿ. ಮುಗಿದ ಕೆಲಸ ಹಳೆಯ ಹಾರ್ಡ್ ಡಿಸ್ಕಿಗೆ ಹೋಗಲಿ, ಆದರೆ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಅದರ ಆರೋಗ್ಯ ನೋಡಿ. ಹಳದಿ ಬಣ್ಣದಲ್ಲಿ 'ಕಾಷನ್' ಅಂತ ತೋರಿಸಿದರೆ ಅದರಲ್ಲಿ ಒಂದೇ ಪ್ರತಿ ಇಡಬೇಡಿ. ಹೋದ ಆಟ ಮತ್ತೆ ಸಿಗುವುದಿಲ್ಲ.

ಮಂಗಳೂರುಮಳೆ:

ಎಸ್‌ಎಂಪಿಎಸ್ ಬಗ್ಗೆ ನಾನು ಹೇಳ್ತೇನೆ. ಕ್ಯಾಬಿನೆಟ್ ಜೊತೆ ಬರುವುದನ್ನು ನಂಬಬೇಡಿ. ಹೊರಗೆ 450 ವ್ಯಾಟ್ ಅಂತ ಬರೆದಿರುತ್ತದೆ. ಲೇಬಲ್‌ನಲ್ಲಿ 12 ವೋಲ್ಟ್ ಸಾಲಿನ ಎದುರು ಎಷ್ಟು ಆಂಪಿಯರ್ ಇದೆ ನೋಡಿ, ಅದನ್ನು 12ರಿಂದ ಗುಣಿಸಿ. 16 ಆಂಪಿಯರ್ ಇದ್ದರೆ ಬರೀ 192 ವ್ಯಾಟ್. ಪ್ರೊಸೆಸರ್, ಕಾರ್ಡ್ ಎಲ್ಲ ಕುಡಿಯುವುದು ಆ ಸಾಲಿನಿಂದಲೇ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಗುಡುಗು, ವೋಲ್ಟೇಜ್ ಏರಿಳಿತ ನಿಮಗೆ ಗೊತ್ತೇ ಇದೆ. ನನ್ನ ಹಿಂದಿನ ಅಗ್ಗದ ಎಸ್‌ಎಂಪಿಎಸ್ ಹೋಗುವಾಗ ಬೋರ್ಡನ್ನೂ ಕರ್ಕೊಂಡು ಹೋಯ್ತು. 80 ಪ್ಲಸ್ ಬ್ರಾಂಜ್ (ವಿದ್ಯುತ್ ಕಡಿಮೆ ಪೋಲಾಗುವ ದರ್ಜೆ) ಇರುವ 550 ವ್ಯಾಟ್‌ನದ್ದು ಒಂದು ತಗೊಳ್ಳಿ, ನೆಮ್ಮದಿ.

ನಿಮ್ಮ ಯುಪಿಎಸ್ ನಡೆಯುತ್ತದೆ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಕಾರ್ಡ್ ಇಲ್ಲದ 12400 ಸಿಸ್ಟಮ್ ಅಷ್ಟು ಎಳೆಯುವುದಿಲ್ಲ. ಬ್ಯಾಟರಿ ಹಳೆಯದಾಗಿದ್ದರೆ ಬದಲಿಸಿ.

ತಿರುಪುಮೊಳೆ:

ಪೂರ್ತಿ ಒಪ್ಪುತ್ತೇನೆ. ಎಸ್‌ಎಂಪಿಎಸ್‌ನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಮುಂದೆ ಯಾವಾಗಲಾದರೂ ಕಾರ್ಡ್ ಬೇಕೆನಿಸಿದರೆ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟ್ ಮಾತ್ರ ಬಳಸುತ್ತದೆ. ಆಗಲೂ ಇದೇ ಎಸ್‌ಎಂಪಿಎಸ್ ಸಾಕು.

ಇನ್ನೊಂದು ಮಾತು. ಪ್ರೊಸೆಸರ್ ಬಾಕ್ಸ್ ಪೀಸ್ ಕೇಳಿ, ಟ್ರೇ ಪೀಸ್ (ಡಬ್ಬಿ ಇಲ್ಲದ ಬಿಡಿ) ಬೇಡ. ಬಾಕ್ಸ್‌ನಲ್ಲಿ ಕೂಲರ್ ಬರುತ್ತದೆ, ಮೂರು ವರ್ಷದ ವಾರಂಟಿ ಇರುತ್ತದೆ. ಜಿಎಸ್‌ಟಿ ಬಿಲ್ ತಪ್ಪದೆ ಪಡೆಯಿರಿ. ಬೆಂಗಳೂರಿಗೆ ಬರುವವರಿದ್ದರೆ ಎಸ್.ಪಿ. ರಸ್ತೆಯಲ್ಲಿ ಎರಡು ಮೂರು ಅಂಗಡಿಗಳ ದರ ಕೇಳಿಸಿಕೊಳ್ಳಿ.

ಚೌಕಿಮನೆ:

ಇಬ್ಬರಿಗೂ ತುಂಬಾ ಧನ್ಯವಾದ. ಹ್ಯಾಂಡ್‌ಬ್ರೇಕ್ ಮಾಡಿ ನೋಡಿದೆ. ಚಂಡೆ, ಕುಣಿತ ಎರಡೂ ಕೂಡಿ ಬಂದವು! ಎರಡು ವರ್ಷದಿಂದ ಈ ಸಂಕಟ ಅನುಭವಿಸುತ್ತಿದ್ದೆ.

ಭಾಗಗಳು ಬಂದವು. ನೀವು ಹೇಳಿದ ಹಾಗೇ ಕೊಂಡೆ, 38,600 ಆಯಿತು. ನಿನ್ನೆ ನಾನೇ ಜೋಡಿಸಿದೆ. ಆದರೆ ಫ್ಯಾನ್ ತಿರುಗುತ್ತದೆ, ಡಿಸ್ಪ್ಲೇ ಬರುತ್ತಿಲ್ಲ. ಬೋರ್ಡಿನ ಅಂಚಿನಲ್ಲಿ ಡಿರ‍್ಯಾಮ್ ಅಂತ ಬರೆದಿರುವ ಕಡೆ ಸಣ್ಣ ದೀಪ ಉರಿಯುತ್ತಿದೆ. ಏನಾದರೂ ಸುಟ್ಟುಹೋಯಿತಾ?

ತಿರುಪುಮೊಳೆ:

ಹೆದರಬೇಡಿ, ಸುಟ್ಟಿರುವ ಲಕ್ಷಣ ಅಲ್ಲ. ದೀಪ ರ‍್ಯಾಮ್ ಕಡೆ ತೋರಿಸುತ್ತಿದೆ. ಸ್ವಿಚ್ ಆಫ್ ಮಾಡಿ ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಎರಡೂ ಸ್ಟಿಕ್ ತೆಗೆಯಿರಿ. ಹೊಸದನ್ನು ಮಾತ್ರ ಹಾಕಿ ನೋಡಿ. ಅಗ್ಗದ ಬೋರ್ಡ್‌ಗಳಲ್ಲಿ ಎಷ್ಟೋ ಸಲ ಒಂದು ತುದಿಗೆ ಮಾತ್ರ ಕೊಕ್ಕೆ ಇರುತ್ತದೆ. ಆ ಕಡೆ ಟಕ್ ಅಂದರೂ ಇನ್ನೊಂದು ತುದಿ ಪೂರ್ತಿ ಕೂತಿರುವುದಿಲ್ಲ. ಎರಡೂ ತುದಿಗೆ ಹೆಬ್ಬೆರಳಿಟ್ಟು ಸಮವಾಗಿ ಒತ್ತಿ. ಆನ್ ಮಾಡಿದ ಮೇಲೆ ಒಂದೆರಡು ನಿಮಿಷ ಕಾಯಿರಿ, ಮೊದಲ ಸಲ ಬೋರ್ಡು ರ‍್ಯಾಮನ್ನು ಪರೀಕ್ಷಿಸಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ.

ಹೊಸದರಲ್ಲಿ ಡಿಸ್ಪ್ಲೇ ಬಂದರೆ, ಹಳೆಯ ಸ್ಟಿಕ್ಕಿನ ಬಂಗಾರದ ಬಣ್ಣದ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಪುಡಿಯನ್ನು ಒಣ ಬಟ್ಟೆಯಲ್ಲಿ ಒರೆಸಿ. ಕರಾವಳಿಯ ತೇವಕ್ಕೆ ಅಷ್ಟು ವರ್ಷದಲ್ಲಿ ಪೊರೆ ಕಟ್ಟಿರುತ್ತದೆ.

ಚೌಕಿಮನೆ:

ಸರ್, ಬಂತು! ಹೊಸದು ಒಂದೇ ಹಾಕಿದಾಗ ಡಿಸ್ಪ್ಲೇ ಬಂತು. ಹಳೆಯದನ್ನು ಉಜ್ಜಿ ಹಾಕಿದೆ, ಅದೂ ಬಂತು. ಟಾಸ್ಕ್ ಮ್ಯಾನೇಜರ್‌ನಲ್ಲಿ 16 ಜಿಬಿ, 2400 ಅಂತ ತೋರಿಸುತ್ತಿದೆ.

ತಿರುಪುಮೊಳೆ:

ಬಹಳ ಖುಷಿಯಾಯಿತು. ಬೇರೆ ಬೇರೆ ಸ್ಟಿಕ್ ಸೇರಿಸಿದ್ದರಿಂದ ಇವತ್ತು ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ದೋಷ ಬಂದರೂ ಹೇಳಿ, ಬಿಟ್ಟುಬಿಡಬೇಡಿ.

ಸುಮ್ನೆ ಸನ್ನಿವೇಶ ಬೇರೆ ಮಾಡುವುದಕ್ಕೆ ಪೂರ್ತಿ ಎಕ್ಸ್‌ಪೋರ್ಟ್ ಬೇಕಾಗಿಲ್ಲ. ಲಾಸ್‌ಲೆಸ್‌ಕಟ್ ಉಪಯೋಗಿಸಿ. ಅದು ವಿಡಿಯೋವನ್ನು ಮತ್ತೆ ಕಟ್ಟುವುದಿಲ್ಲ, ಬರೀ ತುಂಡು ಮಾಡುತ್ತದೆ. ಕತ್ತರಿ ಬೀಳುವ ಜಾಗ ಸ್ವಲ್ಪ ಹಿಂದೆ ಮುಂದೆ ಆಗಬಹುದು, ಪದ್ಯ ಶುರುವಾಗುವ ಮುಂಚಿನ ಬಿಡುವಿನಲ್ಲಿ ಕತ್ತರಿಸಿದರೆ ತೊಂದರೆ ಇಲ್ಲ.

ಚೌಕಿಮನೆ:

ಮೆಮ್‌ಟೆಸ್ಟ್ ನಾಲ್ಕು ಸುತ್ತೂ ಮುಗಿಯಿತು, ದೋಷ ಸೊನ್ನೆ. ಆದರೆ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತದೆ.

ಮಂಗಳೂರುಮಳೆ:

ಅದನ್ನು ಹಾಗೇ ಬಿಡಬೇಡಿ. ಹೆಚ್ಚಾಗಿ ನಿಮ್ಮ ಪ್ಲಗ್ ಪಾಯಿಂಟ್‌ಗೆ ಅರ್ತಿಂಗ್ ಸರಿ ಇರುವುದಿಲ್ಲ. ಮೂರು ಪಿನ್‌ನ ದೊಡ್ಡ ರಂಧ್ರಕ್ಕೆ ತಂತಿಯೇ ಕೊಡದ ಮನೆಗಳು ಎಷ್ಟೋ ಇವೆ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಅಲ್ಲಿವರೆಗೆ ಚಪ್ಪಲಿ ಹಾಕ್ಕೊಂಡೇ ಕೆಲಸ ಮಾಡಿ, ಮಕ್ಕಳು ಮುಟ್ಟದ ಹಾಗೆ ನೋಡ್ಕೊಳ್ಳಿ.

ಚೌಕಿಮನೆ:

ಶನಿವಾರ ಬರುತ್ತೇನೆ ಅಂದಿದ್ದಾರೆ. ಅಲ್ಲಿಯವರೆಗೆ ವೈರ್ ಕಿತ್ತೇ ಇಟ್ಟಿರುತ್ತೇನೆ.