ಕಾಲೇಜ್ ಬೇಸ್‌ಬಾಲ್ ಫೋಟೊ: ಬ್ಯಾಟು, ಚೆಂಡು ಬಿಟ್ಟು ಇನ್ನೇನು ತೆಗೆಯಬಹುದು?

ಸಾಗರದವಳು:
ಎಲ್ಲರಿಗೂ ನಮಸ್ಕಾರ. ನಾನಿರುವುದು ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊ ಹತ್ತಿರ. ಫೆಬ್ರವರಿ ಬಂತೆಂದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಕನ್ ಡೈಮಂಡ್ ಮೈದಾನದಲ್ಲಿ ಕಾಲೇಜ್ ಬೇಸ್‌ಬಾಲ್ ಶುರು. ಮೈದಾನ ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿದೆ, ಆಚೆ ನೀಲಗಿರಿ ಮರಗಳು. ಕೂತು ನೋಡೋದೇ ಒಂದು ಖುಷಿ. ಪ್ರೆಸ್ ಪಾಸ್ ಇಲ್ಲ, ಟಿಕೆಟ್ ತಗೊಂಡು ಸೀಟಿನಿಂದಲೇ ತೆಗೆಯುತ್ತೇನೆ. ಸಾಧಾರಣ ಮಿರರ್‌ಲೆಸ್ ಕ್ಯಾಮೆರಾ, 210 ಎಂಎಂ ತನಕ ಹೋಗುವ ಸಣ್ಣ ಜೂಮ್.

ಪಿಚರ್ (ಚೆಂಡು ಎಸೆಯುವವನು) ಕೈ ಎತ್ತಿದ್ದು, ಬ್ಯಾಟ್ ಬೀಸಿದ್ದು, ಬೇಸ್‌ಗೆ ಜಾರಿದ್ದು, ಎಲ್ಲ ಚೂಪಾಗಿಯೇ ಬಂದಿವೆ. ಆದರೆ ಇಂಥ ಚಿತ್ರ ಯಾವ ಕ್ರೀಡಾ ಪುಟ ತೆರೆದರೂ ಸಿಗುತ್ತೆ ಅಲ್ವಾ? ಇವು ಈ ಹುಡುಗರದ್ದೇ, ಈ ಮಧ್ಯಾಹ್ನದ್ದೇ ಅನ್ನಿಸಬೇಕು. ಎಲ್ಲಿಂದ ಶುರು ಮಾಡಲಿ?

ಶಟರ್ ಶೆಟ್ಟಿ:
ಪಿಚರ್ ನಿಂತ ಜಾಗಕ್ಕೂ ಹೋಮ್ ಪ್ಲೇಟ್‌ಗೂ, ಅಂದರೆ ಬ್ಯಾಟ್ ಮಾಡುವವನು ನಿಲ್ಲುವ ಜಾಗಕ್ಕೂ, 18.44 ಮೀಟರ್. ಗಂಟೆಗೆ 90 ಮೈಲಿ ವೇಗದ ಎಸೆತ ಅರ್ಧ ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಹಾಗಾಗಿ ಆಕ್ಷನ್‌ಗೆ ಶಟರ್ ವೇಗ 1/2000 ಸೆಕೆಂಡ್ ಇರಲಿ. ಪ್ರೇಕ್ಷಕರ ಮುಂದಿನ ನೆಟ್ ಹಿಂದೆ ಕೂತಿದ್ದರೆ ಲೆನ್ಸನ್ನು ನೆಟ್‌ಗೆ ಆದಷ್ಟು ಹತ್ತಿರ ಹಿಡಿದು ಅಪರ್ಚರ್ ಪೂರ್ತಿ ತೆರೆಯಿರಿ, ನೆಟ್ ಮಾಯ. ರಾತ್ರಿ ಆಟವಾದರೆ ದೀಪಗಳ ಮಿನುಗು ಚಿತ್ರ ಕೆಡಿಸದಂತೆ ಆಂಟಿ-ಫ್ಲಿಕರ್ ಆನ್ ಮಾಡಿ.

ಬೆನ್ನ ಬೆಳಕು:
ತಂಗಿ, ಶೆಟ್ಟರು ಹೇಳಿದ್ದೆಲ್ಲ ಬೇಕು. ಆದರೆ ನಿಮ್ಮ ಪ್ರಶ್ನೆ ಬೇರೆ. ನಾನಿರುವುದು ಒಮಾಹಾದಲ್ಲಿ. 1950ರಿಂದ ಕಾಲೇಜ್ ಬೇಸ್‌ಬಾಲ್‌ನ ಅಂತಿಮ ಟೂರ್ನಿ, ಕಾಲೇಜ್ ವರ್ಲ್ಡ್ ಸೀರೀಸ್, ಇಲ್ಲೇ ನಡೆಯುತ್ತದೆ, ಜೂನ್ ಬಂದರೆ ನನಗೆ ಬೇರೆ ಕೆಲಸ ತಲೆಗೆ ಹತ್ತುವುದಿಲ್ಲ. ನನ್ನ ಸಲಹೆ ಒಂದೇ: ಚೆಂಡಿನ ಹಿಂದೆ ಓಡುವುದನ್ನು ಬಿಡಿ. ಆಟ ಶುರುವಾಗುವ ಮೊದಲೇ ಒಬ್ಬನನ್ನು ಆರಿಸಿಕೊಂಡು ಒಂಬತ್ತು ಇನ್ನಿಂಗ್ಸೂ ಅವನನ್ನೇ ನೋಡಿ.

ನಾನಾದರೆ ಕ್ಯಾಚರ್‌ನನ್ನು ಆರಿಸುತ್ತೇನೆ. ನಮ್ಮ ವಿಕೆಟ್ ಕೀಪರ್ ಥರ ಅವನೂ ಪ್ರತಿ ಎಸೆತದಲ್ಲಿ ಇರುತ್ತಾನೆ, ಯಾರೂ ನೋಡುವುದಿಲ್ಲ. ಎರಡು ಎಸೆತಗಳ ನಡುವೆ ಏನು ಮಾಡುತ್ತಾನೆ ಗಮನಿಸಿ. ಮಾಸ್ಕ್ ಮೇಲಕ್ಕೆ ತಳ್ಳಿ ಬೆವರು ಒರೆಸುತ್ತಾನೆ. ಸುಸ್ತಾದ ಪಿಚರ್ ಹತ್ತಿರ ನಡೆದು ಹೋಗಿ, ಗ್ಲವ್‌ನಿಂದ ಬಾಯಿ ಮುಚ್ಚಿಕೊಂಡು ಏನೋ ಹೇಳುತ್ತಾನೆ. ಆಗ ಕಾಣುವುದು ಇಬ್ಬರ ಕಣ್ಣು ಮಾತ್ರ. ಇಪ್ಪತ್ತರ ಆಸುಪಾಸಿನ ಹುಡುಗರು, ನಾಳೆ ಕ್ಲಾಸಿಗೂ ಹೋಗಬೇಕು. ಆ ಕಣ್ಣುಗಳಲ್ಲಿ ಅದೆಲ್ಲ ಇರುತ್ತದೆ. ನಾನು ಹೋಮ್ ರನ್ ಚಿತ್ರ ಬಿಟ್ಟೇನು, ಇದನ್ನು ಬಿಡಲಾರೆ.

ಇನ್ನು ಬೆಳಕು. ಹೋಮ್ ಪ್ಲೇಟ್‌ನಿಂದ ಪಿಚರ್‌ನ ಹಿಂದಿರುವ ಸೆಕೆಂಡ್ ಬೇಸ್ ಕಡೆಗಿನ ಗೆರೆ ಪೂರ್ವ-ಈಶಾನ್ಯಕ್ಕಿದ್ದರೆ ಒಳ್ಳೆಯದು ಅನ್ನುತ್ತದೆ ಬೇಸ್‌ಬಾಲ್ ನಿಯಮ ಪುಸ್ತಕ. ಹಾಗಿದ್ದರೆ ಸಂಜೆ ಬಿಸಿಲು ಬ್ಯಾಟ್ ಮಾಡುವವನ ಕಣ್ಣಿಗೆ ಹೊಡೆಯುವುದಿಲ್ಲ. ಎಲ್ಲ ಮೈದಾನವೂ ಹಾಗಿರಲ್ಲ, ನಿಮ್ಮದು ಯಾವ ದಿಕ್ಕಿಗಿದೆ ಮ್ಯಾಪ್‌ನಲ್ಲಿ ನೋಡಿಕೊಳ್ಳಿ. ಹಾಗೇ ಇದ್ದರೆ ಸಂಜೆ ರೈಟ್ ಫೀಲ್ಡ್ ಕಡೆ (ಹೋಮ್ ಪ್ಲೇಟ್‌ನಿಂದ ನೋಡಿದರೆ ಬಲಗಡೆಯ ಹೊರ ಮೈದಾನ) ಹೋಗಿ, ಸೂರ್ಯನಿಗೆ ಎದುರಾಗಿ ತೆಗೆಯಿರಿ. ಬೇಸ್‌ಗೆ ಜಾರಿದಾಗ ಏಳುವ ಮಣ್ಣಿನ ಧೂಳು ಹೊಳೆಯುತ್ತದೆ. ಸ್ಟ್ಯಾಂಡ್‌ನ ನೆರಳು ಮೊದಲು ಹೋಮ್ ಪ್ಲೇಟ್ ನುಂಗಿ, ಆಮೇಲೆ ಮೆಲ್ಲಗೆ ಪಿಚರ್ ಕಡೆ ಸರಿಯುತ್ತದೆ. ಪಿಚರ್ ಬಿಸಿಲಲ್ಲಿ, ಬ್ಯಾಟರ್ ಕತ್ತಲಲ್ಲಿ ಇರುವ ಆ ಹೊತ್ತಿಗೆ ಕಾದಿರಿ. ಬಿಸಿಲಿಗೆ ಎಕ್ಸ್‌ಪೋಷರ್ ಇಟ್ಟು ನೆರಳನ್ನು ಕಪ್ಪಾಗಲು ಬಿಡಿ. ಆಟಗಾರ ಚಿಕ್ಕದಾಗಿ ಕಂಡರೂ ಪರವಾಗಿಲ್ಲ, ನಿಮ್ಮ ಮರಗಳೂ ಚಿತ್ರದೊಳಗೆ ಬರಲಿ.

ಕೊನೆಗೊಂದು ಹಳೆಯ ಚಿತ್ರದ ಕತೆ. 1948ರ ಜೂನ್ 13ರಂದು ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂನಲ್ಲಿ ಬೇಸ್‌ಬಾಲ್ ದಿಗ್ಗಜ ಬೇಬ್ ರೂತ್‌ನ ಜೆರ್ಸಿಯ 3ನೇ ನಂಬರಿಗೆ ವಿದಾಯ, ಅಂದರೆ ಆ ತಂಡದಲ್ಲಿ ಇನ್ನು ಯಾರಿಗೂ ಆ ನಂಬರ್ ಇಲ್ಲ. ಕಾಯಿಲೆಯಲ್ಲಿ ಸೊರಗಿದ್ದ ರೂತ್ ಬ್ಯಾಟ್ ಊರಿಕೊಂಡು ನಿಂತಿದ್ದ. ಫೋಟೊಗ್ರಾಫರುಗಳೆಲ್ಲ ಅವನ ಮುಖದ ಮುಂದೆ. ಅವರಲ್ಲಿ ನ್ಯಾಟ್ ಫೈನ್ ಅನ್ನುವವರು ಮಾತ್ರ ಹಿಂದಕ್ಕೆ ಹೋದರು, ಯಾಕೆಂದರೆ ಆ ನಂಬರ್ ಇದ್ದದ್ದು ಬೆನ್ನ ಮೇಲೆ. ಫ್ಲ್ಯಾಶ್ ಕೂಡ ಹಾಕಲಿಲ್ಲ. ಮರುವರ್ಷ ಆ ಚಿತ್ರಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಇವತ್ತಿನ ವಿಷಯ ಏನು ಅಂತ ಅವರು ಮೊದಲೇ ಯೋಚಿಸಿದ್ದರಿಂದಲೇ ಕಾಲು ಹಿಂದಕ್ಕೆ ಹೋಯಿತು ಅಂತ ನಾನು ನಂಬುತ್ತೇನೆ.

ಸಾಗರದವಳು:
ಅಣ್ಣಾ, ತುಂಬಾ ಥ್ಯಾಂಕ್ಸ್. ಶನಿವಾರ ಕ್ಯಾಚರ್ ಹಿಂದೆಯೇ ಬೀಳುತ್ತೇನೆ. ಇನ್ನೊಂದು ಆಸೆ ಇದೆ. ಇಲ್ಲಿ ಲೋಹದ ಬ್ಯಾಟ್, ವೃತ್ತಿಪರರ ದೊಡ್ಡ ಲೀಗ್‌ನ ಮರದ ಬ್ಯಾಟ್ ಸದ್ದು ಅಲ್ಲ, ಠಣ್ ಅನ್ನುತ್ತೆ. ಕಾಲೇಜ್ ಆಟ ಅಂದರೆ ನನಗೆ ಮೊದಲು ನೆನಪಾಗುವುದೇ ಅದು. ಸದ್ದನ್ನು ಚಿತ್ರದಲ್ಲಿ ತರೋಕೆ ಆಗುತ್ತಾ?

ಶಟರ್ ಶೆಟ್ಟಿ:
ಶಟರ್ ವೇಗ 1/30ಕ್ಕೆ ಇಳಿಸಿ ನೋಡಿ. ಬ್ಯಾಟು ಬರೀ ಬೆಳ್ಳಿ ಗೆರೆಯಾಗುತ್ತದೆ.

ಬೆನ್ನ ಬೆಳಕು:
ಅದೂ ಸರಿ. ಆದರೆ ನಾನು ಸದ್ದನ್ನು ಕೇಳಿದವರ ಮೈಯಲ್ಲಿ ಹುಡುಕುತ್ತೇನೆ. ಠಣ್ ಅಂದ ಕೂಡಲೇ ಡಗೌಟ್‌ನ (ಮೈದಾನದ ಅಂಚಿನಲ್ಲಿ ಆಟಗಾರರು ಕೂರುವ ಜಾಗ) ಹುಡುಗರೆಲ್ಲ ಒಟ್ಟಿಗೆ ಏಳುತ್ತಾರೆ. ಸೂರ್ಯಕಾಂತಿ ಬೀಜ ಜಗಿಯುತ್ತಿದ್ದ ಬಾಯಿ ಹಾಗೇ ನಿಲ್ಲುತ್ತದೆ, ತಲೆಗಳೆಲ್ಲ ಒಂದೇ ಕಡೆ ತಿರುಗುತ್ತವೆ. ಚೆಂಡು ದೂರ ಹೋಯಿತಾ, ಕೈಗೆ ಸಿಕ್ಕಿತಾ, ಮುಖ ನೋಡಿದರೆ ಗೊತ್ತಾಗಿಬಿಡುತ್ತದೆ. ಎದುರು ಕಡೆಯ ಸೀಟು ಹಿಡಿದು, ಡಗೌಟ್ ರೇಲಿಂಗ್ ಮೇಲೆ ಮೊದಲೇ ಫೋಕಸ್ ಇಟ್ಟಿರಿ. ಸದ್ದು ಕೇಳಿದ ಮೇಲೆ ಕ್ಯಾಮೆರಾ ತಿರುಗಿಸಿದರೆ ಅಷ್ಟರಲ್ಲಿ ಎಲ್ಲರೂ ಕೂತಿರುತ್ತಾರೆ.