ಅಬುಧಾಬಿಯ ಎಣ್ಣೆಗೆ ಮಂಗಳೂರಲ್ಲಿ ಬಾಡಿಗೆ ಮನೆ

ಪೆಟ್ರೋಲ್ ಬಂಕಿನಲ್ಲಿ ಶುರುವಾದ ಗೊಣಗಾಟ ಸೌದಿ ಅರೇಬಿಯಾ ತಲುಪಲು ಎರಡು ನಿಮಿಷ ಸಾಕಾಯಿತು.

"ನಮಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿನದೇ. ಅವರು ಹೇಳಿದ್ದೇ ರೇಟು, ನಾವು ಕೊಟ್ಟಿದ್ದೇ ಕಾಸು" ಎಂದ ಸೀನ.

"ಅಷ್ಟೊಂದು ಕೊಳ್ಳೋ ಗಿರಾಕಿ ಕೈಬಿಟ್ಟರೆ ಮಾರುವವನ ಗತಿ?" ಎಂದರು ಮೇಷ್ಟ್ರು. "2020ರ ಏಪ್ರಿಲ್ ನೆನಪಿದೆಯಾ? ಲಾಕ್‌ಡೌನ್. ಅಮೆರಿಕದಲ್ಲಿ ಒಂದು ದಿನ ತೈಲದ ಬೆಲೆ ಸೊನ್ನೆಗಿಂತ ಕೆಳಗೆ ಹೋಯಿತು. ಕೊಳ್ಳುವವನಿಗೇ ದುಡ್ಡು ಕೊಟ್ಟು ಸಾಗಹಾಕುವ ಪರಿಸ್ಥಿತಿ."

"ಆವತ್ತು ನನ್ನ ಸ್ಕೂಟರ್ ಮೂಲೆಯಲ್ಲಿತ್ತು ಸಾರ್. ನನ್ನ ಹಣೆಬರಹ!"

"ನೀನು ಮಲಗಿದ್ದೆ, ಸರ್ಕಾರ ಮಲಗಿರಲಿಲ್ಲ. ಬ್ಯಾರೆಲ್‌ಗೆ ಸರಾಸರಿ 19 ಡಾಲರಿನಂತೆ ಕೊಂಡು ವಿಶಾಖಪಟ್ಟಣ, ಮಂಗಳೂರು, ಪಾದೂರಿನ ನೆಲಮಾಳಿಗೆ ತುಂಬಿಸಿಕೊಂಡಿತು. ಮಜಾ ಇರೋದು ಮುಂದಿನ ವರ್ಷ. 2021ರ ಮಾರ್ಚ್‌ನಲ್ಲಿ ಬೆಲೆ ಏರಿತು. ಉತ್ಪಾದನೆ ಹೆಚ್ಚಿಸಿ ಅಂತ ನಾವು ಕೇಳಿದರೆ, ಹೋದ ವರ್ಷ ಅಗ್ಗಕ್ಕೆ ಕೊಂಡಿದ್ದೀರಲ್ಲ, ಅದನ್ನೇ ಬಳಸಿಕೊಳ್ಳಿ ಅಂದುಬಿಟ್ಟರು ಸೌದಿಯ ಇಂಧನ ಸಚಿವರು!"

ಸೀನ ಹೊಟ್ಟೆ ಹಿಡಿದುಕೊಂಡು ನಕ್ಕ. "ಥೇಟ್ ನಮ್ಮ ಅತ್ತೆ. ಹೋದ ದೀಪಾವಳಿ ಸೀರೆ ಇದೆಯಲ್ಲ ಅನ್ನೋ ಥರ."

"ನಗಬೇಡ. ಆಮೇಲೆ ನಮ್ಮವರು ಬೇರೆ ಅಂಗಡಿ ಹುಡುಕಿದರು."

ಪಾದೂರು ಎಂದ ಕೂಡಲೇ ಉಡುಪಿ ಕಡೆಯ ಭಟ್ಟ ನೆಟ್ಟಗೆ ಕೂತ. "ಅದು ನಮ್ಮ ಕಾಪು ಹತ್ತಿರ ಮಾರಾಯ್ರೆ. ಬಂಡೆ ಕೊರೆದು ಮಾಡಿದ ಗುಹೆ, 25 ಲಕ್ಷ ಟನ್ ಹಿಡಿಸ್ತದೆ. ಸುತ್ತ ಬಂಡೆಯೊಳಗೆ ನೀರಿನ ಒತ್ತಡ, ಅದೇ ಎಣ್ಣೆ ಸೋರದ ಹಾಗೆ ತಡೆಯೋದು. ಮಂಗಳೂರಿನದು ಇನ್ನೂ ತಮಾಷೆ. 2018ರಲ್ಲಿ ಅಬುಧಾಬಿಯ ತೈಲ ಕಂಪನಿ ಅಡ್ನಾಕ್ ಅಲ್ಲಿ ಜಾಗ ಹಿಡಿದು ತನ್ನದೇ ಎಣ್ಣೆ ತಂದಿಟ್ಟಿತು. ತುರ್ತು ಬಂದರೆ ಮೊದಲ ಹಕ್ಕು ನಮಗೆ."

"ಅಂದರೆ ಸಾಮಾನು ಅವರದು, ಗೋದಾಮು ನಮ್ಮದು?"

"ಹೌದು. ಗಿರಾಕಿ ಮನೆಯಲ್ಲೇ ಸರಕಿಟ್ಟರೆ ಅವನು ಬೇರೆ ಅಂಗಡಿಗೆ ಹೋಗಲಾರ ಅನ್ನೋ ಲೆಕ್ಕ ಇರಬೇಕು."

ನನಗೂ ಹಾಗೇ ಅನಿಸುತ್ತದೆ. ಕೊಳ್ಳುವವನಿಗೆ ಪೂರೈಕೆಯ ಚಿಂತೆಯಾದರೆ ಮಾರುವವನಿಗೆ ಬೇಡಿಕೆಯ ಚಿಂತೆ. ನಾವು ಮೊದಲನೆಯದನ್ನೇ ಮಾತಾಡುತ್ತೇವೆ. ಎರಡನೆಯದು ಕಾಣಬೇಕಾದರೆ ರಷ್ಯಾ ನೋಡಬೇಕು.

"2022ಕ್ಕೆ ಮುಂಚೆ ನಮ್ಮ ಆಮದಿನಲ್ಲಿ ರಷ್ಯಾದ ಪಾಲು ನೂರಕ್ಕೆ ಎರಡೂ ಇರಲಿಲ್ಲ" ಎಂದೆ. "ಯುರೋಪ್ ಬಾಗಿಲು ಹಾಕಿತು, ರಷ್ಯಾ ರಿಯಾಯಿತಿ ಕೊಟ್ಟಿತು. ವರ್ಷದೊಳಗೆ ಅದೇ ನಮ್ಮ ದೊಡ್ಡ ಸರಬರಾಜುದಾರ. 2023ರ ಮೇನಲ್ಲಿ ಗೋವಾಕ್ಕೆ ಬಂದ ವಿದೇಶಾಂಗ ಸಚಿವ ಲಾವ್ರೋವ್ ಹೇಳಿದ್ದೇನು ಗೊತ್ತಾ? ಭಾರತದ ಬ್ಯಾಂಕುಗಳಲ್ಲಿ ನಮ್ಮ ಕೋಟಿಗಟ್ಟಲೆ ರೂಪಾಯಿ ಬಿದ್ದಿದೆ, ಬಳಸೋದು ಹೇಗೆ ಅಂತ."

"ನನ್ನ ಖಾತೆಗೆ ಹಾಕಲಿ, ನಾನು ಬಳಸಿ ತೋರಿಸ್ತೀನಿ" ಎಂದ ಸೀನ. ತಕ್ಷಣ ಮುಖ ಗಂಟಿಕ್ಕಿದ. "ಅಲ್ಲ ಸಾರ್, ರಿಯಾಯಿತಿ ಸಿಕ್ಕಿತು, ಗುಹೆ ತುಂಬಿತು. ಬಂಕಿನಲ್ಲಿ ಮಾತ್ರ ಯಾಕೆ ಇಳಿಯಲಿಲ್ಲ?"

ಮೇಷ್ಟ್ರು ಕನ್ನಡಕ ಒರೆಸಿದರು. "ತೆರಿಗೆಯ ವಿಷಯ ಬೇರೆ ಹರಟೆ ಕಣೋ. ಅದಕ್ಕೆ ರಾತ್ರಿ ಪೂರ್ತಿ ಬೇಕು."