ಕ್ಯಾಲೆಂಡರಿನ ಹಿಂದೆ 18 ದಿನ

ನಮ್ಮ ಮನೆ ಮಂದಿಯ ಗುಂಪಿಗೆ ದಿನಾ ಬರುವುದು ಶುಭೋದಯದ ಹೂವು, ಇಲ್ಲವೇ ಸಿದ್ಧಾರೂಢರ ಫೋಟೊ. 21ನೇ ತಾರೀಕಿನ ರಾತ್ರಿ ತಮ್ಮ ಅಲ್ಲಿ ಸಮನ್ಸ್ ಹಾಕಿದ. ಹನ್ನೊಂದರ ತನಕ ಯಾರೂ ಮಲಗಲಿಲ್ಲ. ಹೆಸರು ಬೇಡ. ನನ್ನ ಮೊಬೈಲಿನಲ್ಲಿ ಸೇವ್ ಆಗಿರುವ ಹಾಗೆಯೇ ಇಲ್ಲಿ ಹಾಕಿದ್ದೇನೆ.

ತಮ್ಮ: (ಫೋಟೊ) ಇದು ಈಗ ಕ್ಯಾಲೆಂಡರಿನ ಹಿಂದೆ ಸಿಕ್ಕಿತು. 3ನೇ ತಾರೀಕು ಕೋರ್ಟಿನ ಅಮೀನ ಬಂದು ಅವ್ವನ ಸಹಿ ಮಾಡಿಸಿಕೊಂಡು ಕೊಟ್ಟು ಹೋಗಿದ್ದಾನೆ. ಅವ್ವ ರೊಟ್ಟಿ ಬಡಿಯುತ್ತಿದ್ದಳಂತೆ. ಎಲ್‌ಐಸಿ ಕಾಗದ ಅಂದುಕೊಂಡು ಸಿಗಿಸಿಟ್ಟಿದ್ದಾಳೆ. ಮೂಲೆಯಲ್ಲಿ ಹಿಟ್ಟಿನ ಬೆರಳು ಹಾಗೇ ಇದೆ.

ಗದಗ ಅತ್ತೆ: ಅಯ್ಯ ಶಿವನೇ! ಪೊಲೀಸರು ಬರುತ್ತಾರಾ?

ಹಾವೇರಿ ಮಾಮಾ: ಇದು ಫ್ರಾಡ್. ಡಿಜಿಟಲ್ ಅರೆಸ್ಟ್ ಅಂತ ಬಂದಿದೆಯಲ್ಲ, ಅದೇ ಗ್ಯಾಂಗು. ಡಿಲೀಟ್ ಮಾಡು.

ತಮ್ಮ: ಮಾಮಾ, ಸಾಲ ನನ್ನದೇ. ಕ್ರೆಡಿಟ್ ಕಾರ್ಡಿನದು.

ದೊಡ್ಡ ಕಾಕಾ: ಸುಮ್ನೆ ಇರು. ಹೋದ ವರ್ಷ ನಮ್ಮ ಬಾಜೂ ಮನೆಯವರಿಗೂ ಇಂಥದ್ದೇ ಬಂದಿತ್ತು. ಹೋಗಲಿಲ್ಲ. ಏನೂ ಆಗಲಿಲ್ಲ.

ಧಾರವಾಡ ಅಕ್ಕ: ಕಾಕಾ, ಆ ಕಾಗದ ನಾನೇ ಓದಿದ್ದೆ. ಅದು ಲೋಕ ಅದಾಲತ್ ನೋಟಿಸು. ದಾವೆ ಹಾಕುವ ಮೊದಲು "ಬನ್ನಿ, ಕೂತು ಬಗೆಹರಿಸೋಣ" ಅಂತ ಕರೆಯುವುದು. ಇದು ಸಮನ್ಸ್. ದಾವೆ ಆಗಲೇ ಬಿದ್ದಿದೆ. ಮೇಲೆ ಓ.ಎಸ್. ನಂಬರ್, ಅಂದರೆ ದಾವೆಯ ನಂಬರ್, ನೋಡಿ. ಹೋಗದಿದ್ದರೆ ಎಕ್ಸ್ ಪಾರ್ಟಿ ಮಾಡಿ, ಅಂದರೆ ಇವನಿಲ್ಲದೆಯೇ ಕೇಸು ನಡೆಸಿ, ಬ್ಯಾಂಕಿನವರು ಹೇಳಿದ್ದೇ ಖರೆ ಅಂತ ಡಿಕ್ರಿ ಆಗಬಹುದು.

(ಅಕ್ಕ ವಕೀಲರ ಆಫೀಸಿನಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷ. ಕಾಕಾನ ಬಳಿ ಇರುವುದು ಯೂಟ್ಯೂಬ್.)

ದೊಡ್ಡ ಕಾಕಾ: ಅವನ ಕೈಗೆ ಕೊಟ್ಟೇ ಇಲ್ಲವಲ್ಲ. ಅವ್ವನ ಕೈಗೆ ಕೊಟ್ಟಿದ್ದು ಲೆಕ್ಕಕ್ಕಿಲ್ಲ.

ಧಾರವಾಡ ಅಕ್ಕ: ಅವನು ಸಿಗದಿದ್ದರೆ, ಅದೇ ಮನೆಯಲ್ಲಿರುವ ದೊಡ್ಡವರಿಗೆ ಕೊಟ್ಟರೂ ನಡೆಯುತ್ತದೆ. ನಡೆಯುವುದಿಲ್ಲ ಅಂತ ವಾದ ಮಾಡಬೇಕೆಂದರೂ ಕೋರ್ಟಿಗೆ ಹೋಗಿಯೇ ಮಾಡಬೇಕು.

ಹಾವೇರಿ ಮಾಮಾ: ಮೊದಲು ಖೊಟ್ಟಿಯೋ ಖರೆಯೋ ನೋಡವ್ವ.

ಧಾರವಾಡ ಅಕ್ಕ: ನೋಡಿದೆ ಮಾಮಾ. ಕಾಗದದಲ್ಲಿ 16 ಅಂಕಿ-ಅಕ್ಷರದ ಸಿಎನ್‌ಆರ್ ನಂಬರ್ ಇದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದೆ, ಕೇಸು ಬಂತು. ಹುಬ್ಬಳ್ಳಿ ತಿಮ್ಮಸಾಗರದ ಕೋರ್ಟು, ಇದೇ 28ಕ್ಕೆ ತಾರೀಕು. ಮತ್ತೆ ಅತ್ತೆ, ಇದು ಸಿವಿಲ್. ಪೊಲೀಸರಿಗೆ ಇಲ್ಲಿ ಕೆಲಸ ಇಲ್ಲ. ಚೆಕ್ ಬೌನ್ಸ್ ಆಗಿದ್ದರೆ ಮಾತು ಬೇರೆ, ಅದು ಚೆಕ್ ಕಾಯ್ದೆಯ 138ನೇ ಕಲಂ, ಕ್ರಿಮಿನಲ್. ತಮ್ಮಾ, ಚೆಕ್ ಏನಾದರೂ ಕೊಟ್ಟಿದ್ದೀಯಾ?

ತಮ್ಮ: ಇಲ್ಲ ಅಕ್ಕ.

ದೊಡ್ಡ ಕಾಕಾ: ಮೂರು ವರ್ಷ ದಾಟಿದರೆ ಸಾಲ ಸತ್ತ ಹಾಗೆ. 1963ರ ಕಾಲಮಿತಿ ಕಾಯ್ದೆ. ನನ್ನ ಹತ್ತಿರ ರೀಲ್ ಇದೆ, ಹಾಕಲಾ?

ಧಾರವಾಡ ಅಕ್ಕ: ರೀಲ್ ಬೇಡ ಕಾಕಾ. ಕಾಯ್ದೆ ಖರೆ. ಆದರೆ ಮೂರು ವರ್ಷ ಮುಗಿಯುವ ಮೊದಲು "ಸಾಲ ಇದೆ" ಅಂತ ಬರೆದು ಸಹಿ ಹಾಕಿದರೆ ಎಣಿಕೆ ಮತ್ತೆ ಒಂದರಿಂದ. ತಮ್ಮಾ, ಯಾವುದಕ್ಕಾದರೂ ಸಹಿ ಹಾಕಿದ್ದೀಯಾ?

ತಮ್ಮ: ಹೋದ ವರ್ಷ ದೀಪಾವಳಿ ಮುಂದೆ ರಿಕವರಿಯವನು ಬಂದಿದ್ದ. ಒಂದು ಹಾಳೆಗೆ ಹಾಕಿಸಿಕೊಂಡ.

ದೊಡ್ಡ ಕಾಕಾ: ಓದದೇ ಹಾಕಿದೆಯಾ? ಶಾಣ್ಯಾ!

ಗದಗ ಅತ್ತೆ: ಎಷ್ಟು ಸಾಲ ತಮ್ಮಾ?

ತಮ್ಮ: ಅಂಗಡಿ ಮಾಲಿಗೆ ಉಜ್ಜಿದ್ದು 84,000. ಅವರು ಕೇಳುತ್ತಿರುವುದು 1,96,000.

ಇಲ್ಲಿ ಎರಡು ನಿಮಿಷ ಗುಂಪು ತಣ್ಣಗಾಯಿತು. ಆ ಕಾರ್ಡಿನ ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್, ಅಂದರೆ ವರ್ಷಕ್ಕೆ 42. ಇವನು ಮಿನಿಮಮ್ ಡ್ಯೂ ಅಷ್ಟೇ ಕಟ್ಟುತ್ತಾ ಬಂದ. ಅದು ಹೆಚ್ಚುಕಡಿಮೆ ಬಡ್ಡಿಗೇ ಸರಿಹೋಗುತ್ತದೆ, ಅಸಲು ಕೂತಲ್ಲೇ ಕೂತಿರುತ್ತದೆ. ಕೊನೆಗೆ ಅದನ್ನೂ ಬಿಟ್ಟ. ಬೈಯೋಣ ಅನ್ನಿಸಿತು. ನನ್ನ ಕಾರ್ಡೂ ನೆನಪಾಗಿ ಬಿಟ್ಟೆ.

ಧಾರವಾಡ ಅಕ್ಕ: ಸಮನ್ಸ್ ಜೊತೆ ಬಂದ ಹಾಳೆ ಎಲ್ಲ ಕಳಿಸು. ಬ್ಯಾಂಕಿನ ಲೆಕ್ಕವೂ ಇರಬೇಕು.

ತಮ್ಮ: (9 ಫೋಟೊ)

ಧಾರವಾಡ ಅಕ್ಕ: ದೀಪಾವಳಿ ಮುಂದೆ ಬರೀ ಸಹಿ ಹಾಕಿದೆಯೋ, ದುಡ್ಡೂ ಕೊಟ್ಟೆಯೋ?

ತಮ್ಮ: 5,000 ಕಟ್ಟಿದ್ದೆ.

ಧಾರವಾಡ ಅಕ್ಕ: ಇಲ್ಲಿ ಇಲ್ಲ. ಅಕ್ಟೋಬರ್, ನವೆಂಬರ್ ಎರಡೂ ಸೊನ್ನೆ. ರಸೀದಿ ಇದೆಯಾ?

ತಮ್ಮ: ನನ್ನ ಖಾತೆಯಲ್ಲಿ ದುಡ್ಡು ಇರಲಿಲ್ಲ. ಕಾಕಾ ಫೋನ್‌ಪೇ ಮಾಡಿದ್ದರು. ಅವನು ಹೇಳಿದ ನಂಬರಿಗೆ.

"ದೊಡ್ಡ ಕಾಕಾ ಟೈಪಿಂಗ್" ಅಂತ ಬಂತು, ಹೋಯಿತು, ಮತ್ತೆ ಬಂತು. ಆರು ನಿಮಿಷ.

ದೊಡ್ಡ ಕಾಕಾ: (ಸ್ಕ್ರೀನ್‌ಶಾಟ್) ನನ್ನ ಐದು ಸಾವಿರ ಲೆಕ್ಕದಲ್ಲೇ ಇಲ್ಲವಾ?

ಧಾರವಾಡ ಅಕ್ಕ: ಇಲ್ಲ ಕಾಕಾ. ಬ್ಯಾಂಕಿಗೆ ಹೋಯಿತೋ, ಅವನ ಜೇಬಿಗೆ ಹೋಯಿತೋ, ಕೇಳಬೇಕು. ಅದನ್ನು ಕೈಫಿಯತ್ತಿನಲ್ಲಿ, ಅಂದರೆ ಕೋರ್ಟಿಗೆ ನಾವು ಕೊಡುವ ಲಿಖಿತ ಉತ್ತರದಲ್ಲಿ, ಬರೆಯಬೇಕು.

ದೊಡ್ಡ ಕಾಕಾ: ಬರೆ ಹಂಗಾದರೆ! ಎಷ್ಟು ದಿನ ಇದೆ?

ಧಾರವಾಡ ಅಕ್ಕ: ಸಮನ್ಸ್ ಕೊಟ್ಟ ದಿನದಿಂದ 30. ಕೋರ್ಟ್ ಒಪ್ಪಿದರೆ 90ರ ತನಕ, ಆದರೆ ಅದನ್ನು ನೆಚ್ಚಿಕೊಂಡು ಕೂರುವುದು ಬೇಡ. ಕ್ಯಾಲೆಂಡರಿನ ಹಿಂದೆಯೇ 18 ಹೋದವು. ಉಳಿದಿದ್ದು 12. ತಮ್ಮಾ, ರಿಕವರಿಯವನಿಗೆ ಫೋನ್ ಮಾಡಿ ಏನೂ ಒಪ್ಪಿಕೊಳ್ಳಬೇಡ. ವಕೀಲರ ಫೀಗೆ ಕಷ್ಟ ಅಂದರೆ 15100ಕ್ಕೆ ಫೋನ್ ಮಾಡಿ ಉಚಿತ ವಕೀಲರು ಸಿಗುತ್ತಾರಾ ಕೇಳು. ಹಾಜರಾದ ಮೇಲೆ ರಾಜಿಗೂ ದಾರಿ ಇದೆ. ಲೋಕ ಅದಾಲತ್‌ನಲ್ಲಿ ಮುಗಿದರೆ ಬ್ಯಾಂಕಿಗೆ ಕೋರ್ಟ್ ಫೀ ವಾಪಸ್ ಸಿಗುತ್ತದೆ, ಅದಕ್ಕೇ ಅವರೂ ಬಗ್ಗುತ್ತಾರೆ. ಆದರೆ ಒಪ್ಪಿ ಸಹಿ ಹಾಕಿದರೆ ಮೇಲೆ ಅಪೀಲು ಇಲ್ಲ. ಈ ಸಲ ಓದಿ ಹಾಕು.

ತಮ್ಮ: ಆಯ್ತು ಅಕ್ಕ. ನಾಳೆ ಬೆಳಿಗ್ಗೆ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಬರುತ್ತೇನೆ.

ದೊಡ್ಡ ಕಾಕಾ: ನಾನೂ ಬರುತ್ತೇನೆ. 28ಕ್ಕೂ ಬರುತ್ತೇನೆ. ಸ್ಕ್ರೀನ್‌ಶಾಟ್ ಕಲರ್ ಪ್ರಿಂಟ್ ತೆಗೆಸಬೇಕಾ, ಬ್ಲ್ಯಾಕ್ ಅಂಡ್ ವೈಟ್ ನಡೆಯುತ್ತದಾ?

ಧಾರವಾಡ ಅಕ್ಕ: ಸ್ಕ್ರೀನ್‌ಶಾಟ್ ಇರಲಿ ಕಾಕಾ, ನಿಮ್ಮ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬನ್ನಿ.

ಗದಗ ಅತ್ತೆ: ಪೊಲೀಸರು ಬರೋದಿಲ್ಲ ಅಲ್ವಾ?